ಕಿತ್ತಳೆ ದೋಣಿಯ ನೀರಿನ ಗೆರೆ

ಪ್ಯಾರಿಸ್ಸಿಗೆ ಹತ್ತಿರದ ನಮ್ಮ ಬೆಜೋಂ ಊರಿನ ನದಿ ದಡದಲ್ಲಿ ದೋಣಿ ಬಾಡಿಗೆಗೆ ಕೊಡುವವರು ನಾಲ್ಕು ಮಂದಿ ಇದ್ದರು. ಅವರಲ್ಲಿ ಮೂವರ ದೋಣಿಯಲ್ಲಿ ಕೂತ ಪ್ಯಾರಿಸ್ಸಿನವರ ಬೂಟು ಒಂದಲ್ಲ ಒಂದು ಭಾನುವಾರ ನೆನೆಯುತ್ತಿತ್ತು. ಒನೆಸಿಮ್ ಬೊದ್ರುವಿನ ದೋಣಿಗಳಲ್ಲಿ ಮಾತ್ರ ಮೂವತ್ತನಾಲ್ಕು ವರ್ಷದಿಂದ ಒಂದು ತೊಟ್ಟು ನೀರು ಒಳಗೆ ಬಂದಿರಲಿಲ್ಲ. ಈ ಮಾತನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದ. ಕೇಳದವರನ್ನೂ ನಿಲ್ಲಿಸಿ ಹೇಳುತ್ತಿದ್ದ.

ಹೇಳಿಕೊಳ್ಳುವುದಕ್ಕೆ ಅವನಿಗೆ ಹಕ್ಕಿತ್ತು ಅನ್ನಿ. ಅವನ ಅಪ್ಪನದೂ ಇದೇ ಕೆಲಸ. ಹಲಗೆ ಹಲಗೆಯ ನಡುವಿನ ಸಂದಿಗೆ ಸೆಣಬಿನ ನಾರನ್ನು ಉಳಿಯಿಂದ ತುರುಕಬೇಕು, ಕೊಡತಿಯಿಂದ ಬಡಿಯಬೇಕು, ಮೇಲೆ ಕಾದ ಡಾಂಬರು ಬಳಿಯಬೇಕು. ಏಳನೇ ವರ್ಷಕ್ಕೆ ಡಾಂಬರಿನ ಮಡಕೆ ಕಾಯಲು ಕೂತ ಒನೆಸಿಮ್ ಅರವತ್ತಾದರೂ ಅದರ ಪಕ್ಕದಿಂದ ಎದ್ದಿರಲಿಲ್ಲ. ಅಪ್ಪನಿಂದ ಬಂದ ಒಂದು ನೇಮವನ್ನು ಅವನು ಚರ್ಚಿನ ನೇಮಕ್ಕಿಂತ ಗಟ್ಟಿಯಾಗಿ ಪಾಲಿಸುತ್ತಿದ್ದ. ದಡದಲ್ಲಿ ಬಿಸಿಲಿಗೆ ಒಣಗಿದ ದೋಣಿಯ ಹಲಗೆ ಕುಗ್ಗುತ್ತದೆ, ಸಂದಿ ಬಿಡುತ್ತದೆ. ಅಂಥ ದೋಣಿಗೆ ಕಲ್ಲು ತುಂಬಿ ಮೂರು ರಾತ್ರಿ ನದಿಯಲ್ಲಿ ಮುಳುಗಿಸಿಡಬೇಕು. ಹಲಗೆ ನೀರು ಕುಡಿದು ಉಬ್ಬಿ ಒಂದನ್ನೊಂದು ಬಿಗಿಯಾಗಿ ಒತ್ತಿಕೊಂಡ ಮೇಲಷ್ಟೇ ಜನರನ್ನು ಹತ್ತಿಸಬೇಕು. "ಮೊದಲು ದೋಣಿ ಮುಳುಗಬೇಕು, ಆಮೇಲೆ ಜನ ಮುಳುಗಲ್ಲ" ಎನ್ನುತ್ತಿದ್ದ ಅವನ ಅಪ್ಪ. ಒನೆಸಿಮನ ಅಣ್ಣ ಎಲೂವಾ ಹತ್ತೊಂಬತ್ತನೇ ವಯಸ್ಸಿನಲ್ಲಿ, ಹುಡುಗಿಯೊಬ್ಬಳಿಗೆ ತೋರಿಸುವ ಅವಸರದಲ್ಲಿ, ಯಾರದೋ ಒಣ ದೋಣಿ ತೆಗೆದುಕೊಂಡು ಹೋಗಿದ್ದ. ಹುಡುಗಿಗೆ ಈಜು ಬರುತ್ತಿತ್ತು, ಅವನಿಗೆ ಬರುತ್ತಿರಲಿಲ್ಲ. ಆ ಮನೆಯಲ್ಲಿ ಅಪ್ಪನ ಮಾತನ್ನು ಎರಡನೇ ಸಲ ಹೇಳಬೇಕಾಗಿ ಬರಲಿಲ್ಲ.

ಇಷ್ಟೆಲ್ಲ ಇದ್ದವನಿಗೆ ಈಗ ಎರಡು ವರ್ಷದಿಂದ ಒಳಗೊಂದು ಭಯ ಕೂತಿತ್ತು. ಅವನ ಕಣ್ಣು ಹೋಗುತ್ತಿತ್ತು.

ಮೊದಲು ದೀಪದ ಸುತ್ತ ಕೂದಲು ಮೊಳೆಯಿತು. ಆಮೇಲೆ ಆಚೆ ದಡದ ಮರಗಳು ಒಂದರೊಳಗೊಂದು ಸೇರಿ ಒಂದೇ ಹಸಿರು ಗೋಡೆಯಾದವು. ಬಿಸಿಲಿನ ದಿನ ನದಿಯನ್ನು ನೋಡಿದರೆ ಬಿಳಿಯ ಚೂರು, ನೀಲಿಯ ಚೂರು, ಎಲ್ಲ ಅಲುಗಾಡುತ್ತವೆ, ಯಾವುದಕ್ಕೂ ಅಂಚಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಅವನಿಗೆ ಗೊತ್ತಿತ್ತು. ಅವನ ಅಮ್ಮನಿಗೂ ಹೀಗೇ ಆಗಿತ್ತು. ಯಾರಿಗೂ ಹೇಳಲಿಲ್ಲ. ಕುರುಡ ನಾರು ತುರುಕಿದ ದೋಣಿಯಲ್ಲಿ ಯಾವ ತಾಯಿ ತನ್ನ ಮಗುವನ್ನು ಕೂರಿಸುತ್ತಾಳೆ? ಕೊಡತಿ ಕೆಳಗಿಟ್ಟರೆ ತಾನು ಯಾರು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಹಾಗಾಗಿ ಬೆರಳಿನಿಂದ ನೋಡುವುದನ್ನು ಕಲಿತ. ಹೆಬ್ಬೆಟ್ಟನ್ನು ಸಂದಿಯ ಉದ್ದಕ್ಕೂ ಎಳೆಯುತ್ತಿದ್ದ. ಕೊಡತಿಯಿಂದ ತಟ್ಟಿ ಕೇಳುತ್ತಿದ್ದ, ಬಿಗಿ ಸಂದಿಯದು ಒಂದು ಸದ್ದು, ಸಡಿಲ ಸಂದಿಯದು ಇನ್ನೊಂದು. ಹೆಜ್ಜೆ ಸದ್ದಿನಲ್ಲೇ ಬಂದವರ ಗುರುತು ಹಿಡಿದು, ಅವರು ಬಾಯಿ ಬಿಡುವ ಮೊದಲೇ "ಏನಯ್ಯಾ, ಇವತ್ತು ಮುಖ ಬಾಡಿದೆ" ಎಂದುಬಿಡುತ್ತಿದ್ದ. ಇಡೀ ಜಗತ್ತಿನಲ್ಲಿ ಯಾರ ಮುಖ ತಾನೇ ಒಂದಿಷ್ಟು ಬಾಡಿರುವುದಿಲ್ಲ! ಆ ಉಪಾಯ ಎರಡು ವರ್ಷ ನಡೆಯಿತು. ದೋಣಿಗಳೂ ಸೋರಲಿಲ್ಲ. ಹೆಂಡತಿ ಫಿಲೊಮೆನ್ ಮಹಾ ಗಯ್ಯಾಳಿ, ಉಪ್ಪು ಕಡಿಮೆಯಾದರೂ ಊರಿಗೆಲ್ಲ ಕೇಳುವ ಹಾಗೆ ಕೂಗುವವಳು. ಅವಳೇ ಏನೂ ಅನ್ನದ ಮೇಲೆ ತನ್ನ ಗುಟ್ಟು ಭದ್ರ ಎಂದು ಅವನು ನಂಬಿದ್ದ.

ಪ್ರಷ್ಯದವರ ಯುದ್ಧ ಮುಗಿದು ಎಂಟನೇ ವರ್ಷದ ಮೇ ತಿಂಗಳಲ್ಲಿ ವೋತ್ರೆಲ್ ಎಂಬ ಚಿತ್ರಗಾರ ಪ್ಯಾರಿಸ್ಸಿನಿಂದ ಬಂದು ನಮ್ಮ ದಡದಲ್ಲಿ ಕೋಣೆ ಹಿಡಿದ. ಗಡ್ಡದಲ್ಲೂ ಬಣ್ಣ, ಬ್ರೆಡ್ಡಿನ ಮೇಲೂ ಬಣ್ಣ. ಅವನಿಗೆ ನದಿಯ ಮಧ್ಯೆ ನಿಂತ ಒಂದು ದೋಣಿ ಬೇಕಿತ್ತು, ಅದರಲ್ಲಿ ಬಿಳಿ ಉಡುಪಿನ ಹುಡುಗಿ, ಹುಲ್ಲಿನ ಟೋಪಿಯ ಗಂಡಸು, ಯಾರಿಗೂ ಯಾವ ಕೆಲಸವೂ ಇಲ್ಲದ ಒಂದು ಬೆಳಗು. ಹುಡುಗಿಯಾಗಿ ಒನೆಸಿಮನ ಮಗಳು ಲಿಯೊಂಟೀನಳನ್ನೇ ಕೇಳಿದ. ವಾರದ ಆರು ದಿನ ಊರವರ ಬಟ್ಟೆ ಒಗೆದು ಕೈ ಬಿರಿದ ಹುಡುಗಿ ಅವಳು. ಸುಮ್ಮನೆ ಕೂರುವುದಕ್ಕೂ ಕೂಲಿ ಸಿಗುತ್ತದೆ ಎಂದರೆ ಅವಳಿಗೆ ನಗು ತಡೆಯಲಿಲ್ಲ.

ದೋಣಿ ಹಸಿರಾಗಿತ್ತು. ಚಿತ್ರಗಾರನಿಗೆ ಅದು ಒಪ್ಪಿಗೆಯಾಗಲಿಲ್ಲ.

"ಯಜಮಾನ್ರೇ, ಇದನ್ನ ಕಿತ್ತಳೆ ಬಣ್ಣ ಮಾಡಿಬಿಡಿ. ನೀಲಿ ನೀರಿನ ಪಕ್ಕ ಕಿತ್ತಳೆ ಇಟ್ರೆ ಎರಡೂ ಎದ್ದು ಕೂಗ್ತವೆ."

"ಮೊಸ್ಯೂ, ದೋಣಿ ಕೂಗಬಾರದು, ತೇಲಬೇಕು" ಎಂದ ಒನೆಸಿಮ್. ಆದರೂ ಒಪ್ಪಿಕೊಂಡ. ಒಪ್ಪಿದ ಕಾರಣವನ್ನು ಯಾರಿಗೂ ಹೇಳಲಿಲ್ಲ. ಹಸಿರು ದೋಣಿ ನೀರಿಗಿಳಿದು ಹತ್ತು ಮಾರು ಹೋದರೆ ಅವನ ಪಾಲಿಗೆ ಮಾಯವಾಗುತ್ತಿತ್ತು. ಕಿತ್ತಳೆಯಾದರೆ ತನ್ನ ಕಣ್ಣಿಗೂ ಕಂಡೀತು.

ದೋಣಿಯನ್ನು ದಡಕ್ಕೆಳೆದು, ಹಳೆಯ ನಾರು ಕಿತ್ತು ಹೊಸದು ತುರುಕಿ, ಡಾಂಬರು ಬಳಿದು, ಎರಡು ಕೈ ಬಣ್ಣ ಹಾಕಿದ. ಇದಕ್ಕೆಲ್ಲ ಒಟ್ಟು ಒಂಬತ್ತು ದಿನ ದೋಣಿ ದಡದಲ್ಲೇ ಒಣಗಿತು. ನಾರು ತುರುಕುವ ಕೆಲಸ ಮುಗಿಯುವ ಮೊದಲೇ ಫಿಲೊಮೆನ್ ನಾಂತೆರ್‌ನಲ್ಲಿರುವ ತಂಗಿಯ ಮನೆಗೆ ಹೊರಟಳು. ಮಗುವಿಗೆ ಹೆಸರಿಡುವ ಸಮಾರಂಭ, ತಪ್ಪಿಸುವ ಹಾಗಿಲ್ಲ. ಹೊರಡುವಾಗ ಬಾಗಿಲಲ್ಲಿ ಮೂರು ಸಲ ನಿಂತಳು.

"ನಾನು ಬರೋವರೆಗೂ ಆ ದೋಣೀನ ನೀರಿಗೆ ಇಳಿಸಬೇಡ."

"ಯಾಕೆ, ನೀನು ಬಂದು ಮಂತ್ರ ಹಾಕ್ತೀಯಾ?"

"ಇಳಿಸಬೇಡ ಅಂದ್ರೆ ಇಳಿಸಬೇಡ. ಸೋಮವಾರ ಸಂಜೆಗೆ ಬರ್ತೀನಿ. ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಹೇಳಿಲ್ಲ."

ಹೆಂಗಸರಿಗೆ ದೋಣಿಯ ವಿಷಯ ಏನು ಗೊತ್ತು ಎಂದು ಗೊಣಗಿಕೊಂಡು ಅವನು ಕೊಡತಿ ಎತ್ತಿಕೊಂಡ.

ಅವಳು ಹೋದ ಮೇಲೆ ಮೋಡ ಕವಿಯಿತು. ಚಿತ್ರಗಾರ ಮೂರು ದಿನ ಆಕಾಶ ನೋಡಿ ಬೈದ. ಸೋಮವಾರ ಬೆಳಗ್ಗೆ ಎಂಟಕ್ಕೆ ಮೋಡ ಹರಿದು, ಇಡೀ ನದಿಯ ಮೇಲೆ ಬಿಸಿಲು ಬಿತ್ತು. ವೋತ್ರೆಲ್ ತಿಂಡಿ ಬಿಟ್ಟು ಓಡಿ ಬಂದ. ಹಿಂದೆಯೇ ಅವನ ಗೆಳೆಯ ಲಕಾಸಾನ್ ಬಂದ. ಯಾವುದೋ ಕಚೇರಿಯ ಗುಮಾಸ್ತ, ಬಿಳಿ ಬನಿಯನ್, ಹುಲ್ಲಿನ ಟೋಪಿ ತೊಟ್ಟು ಅಂಬಿಗನ ವೇಷ ಹಾಕಿದ್ದ. ಹುಟ್ಟನ್ನು ತಲೆಕೆಳಗಾಗಿ ಹಿಡಿಯುವವರ ಪೈಕಿ.

"ಇಳಿಸಿ ಯಜಮಾನ್ರೇ, ಬೇಗ! ಈ ಬೆಳಕು ಹತ್ತೂವರೆಗೆ ಹೋಗಿಬಿಡುತ್ತೆ."

"ಆಗಲ್ಲ ಮೊಸ್ಯೂ. ಒಣಗಿದ ದೋಣಿ. ಮೂರು ರಾತ್ರಿ ಮುಳುಗಿಸಿಡಬೇಕು."

"ಮೂರು ರಾತ್ರಿ ಕಳೆದ್ರೆ ಆಕಾಶ ಮತ್ತೆ ಕಪ್ಪಾಗುತ್ತೆ! ನೀವೇ ತಾನೇ ಹೊಸ ನಾರು ಹಾಕಿದ್ದು? ಬಗ್ಗಿ ನೋಡಿ. ಎಲ್ಲಾದ್ರೂ ಸಂದಿ ಇದೆಯಾ? ನಿಮ್ಮ ಕಣ್ಣಿಗೇ ಕಾಣಿಸಿದ್ರೆ ನಾನು ಒಂದು ಮಾತೂ ಆಡಲ್ಲ."

ದಡದಲ್ಲಿ ಇನ್ನೂ ನಾಲ್ಕು ಜನ ನಿಂತಿದ್ದರು. ಲಿಯೊಂಟೀನ್ ಪಕ್ಕದಲ್ಲೇ ಇದ್ದಳು. ಒನೆಸಿಮ್ ಬಗ್ಗಿದ. ಕಣ್ಣಿರುವವನು ಎಷ್ಟು ಹೊತ್ತು ನೋಡುತ್ತಾನೋ ಅಷ್ಟು ಹೊತ್ತು ನೋಡಿದ. ಅವನಿಗೆ ಕಂಡದ್ದು ಕಿತ್ತಳೆ, ಬರೀ ಕಿತ್ತಳೆ. ಹೆಬ್ಬೆಟ್ಟು ಎಳೆದು ನೋಡಿದರೆ ದಪ್ಪ ಬಣ್ಣದಡಿ ಎಲ್ಲ ನುಣುಪು. ಕೊಡತಿಯಿಂದ ತಟ್ಟೋಣವೆಂದರೆ ಹೊಸ ಬಣ್ಣ ಕೆಡುತ್ತದೆ ಎಂದು ವೋತ್ರೆಲ್ ಬಿಡಲೊಲ್ಲ.

"ಸಂದಿ ಇಲ್ಲ" ಎಂದ ಒನೆಸಿಮ್. ಹಾಗೆಂದು ಮತ್ತೊಮ್ಮೆ ಹೆಬ್ಬೆಟ್ಟನ್ನು ಹಲಗೆಯ ಮೇಲೆ ಎಳೆದ. ಆದರೆ ಆಡಿದ ಮಾತು ಆಗಲೇ ನೀರಿಗಿಳಿದಿತ್ತು.

ಲಿಯೊಂಟೀನ್ ಹಿಂದುಗಡೆ ಕೂತಳು, ಲಕಾಸಾನ್ ಹುಟ್ಟಿನ ಬಳಿ ಕೂತ. ಒನೆಸಿಮ್ ಚಪ್ಪಟೆ ತಳದ ತನ್ನ ಹಳೆಯ ದೋಣಿಯಲ್ಲಿ ಅವರನ್ನು ನದಿಯ ಮಧ್ಯಕ್ಕೆ ಎಳೆದುಕೊಂಡು ಹೋಗಿ ಲಂಗರು ಬಿಟ್ಟು ಬಂದ. ದಡದಿಂದ ಐವತ್ತು ಮಾರು. ಅಲ್ಲಿ ನದಿಗೆ ಮೂರಾಳು ಆಳ. ಲಿಯೊಂಟೀನಳಿಗೂ ಈಜು ಬಾರದು, ಗುಮಾಸ್ತನಿಗೂ ಬಾರದು.

ಚಿತ್ರಗಾರ ಕೆಲಸ ಶುರು ಮಾಡಿದ. ಮೊದಲ ಅರ್ಧ ಗಂಟೆ ದೋಣಿಯನ್ನೇ ಹಾಕಿದ, ಕಿತ್ತಳೆಯ ದಪ್ಪ ಪಟ್ಟಿ, ಅದರ ಕೆಳಗೆ ನೀರಿನಲ್ಲಿ ಅದರ ಮುರಿದ ನೆರಳು. ಆಮೇಲೆ ದೋಣಿಯನ್ನು ಬಿಟ್ಟು ನೀರು, ಸೇತುವೆ, ಆಚೆ ದಡದ ಹಳದಿ ಮನೆಗಳ ಕಡೆ ಹೋದ. "ಅಲ್ಲಾಡಬೇಡಿ!" ಎಂದು ಆಗಾಗ ಕೂಗುತ್ತಿದ್ದ. ಅಲ್ಲಿಂದ ಲಿಯೊಂಟೀನಳ ನಗು ಕೇಳಿಸುತ್ತಿತ್ತು.

ಒನೆಸಿಮ್ ದಡದ ಕಲ್ಲಿನ ಮೇಲೆ ಕೂತು ನದಿಯ ಕಡೆ ಮುಖ ಮಾಡಿದ್ದ. ಬಿಸಿಲು ಏರಿದಷ್ಟೂ ಅವನ ಕಣ್ಣಿನಲ್ಲಿ ಹೊಳಪು ಹೆಚ್ಚಿತು, ಕಾಣುವುದು ಕಡಿಮೆಯಾಯಿತು. ದೂರದಲ್ಲೊಂದು ಕಿತ್ತಳೆಯ ಕಲೆ, ಅದರ ಮೇಲೆ ಬಿಳಿಯ ಎರಡು ಚುಕ್ಕೆ, ಅಷ್ಟೇ. ದೋಣಿ ನೀರಿನಿಂದ ಎಷ್ಟು ಮೇಲಿದೆ? ಒಂದು ಗೇಣೋ, ನಾಲ್ಕು ಬೆರಳೋ? ಕಲೆಗೆ ಕೆಳಂಚೇ ಇಲ್ಲ. ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಬೆಸ್ತರ ಹೆಂಗಸೊಬ್ಬಳನ್ನು ತಡೆದು, "ಹೆಂಗೆ ಕಾಣ್ತಿದೆ ನಮ್ಮ ದೋಣಿ?" ಎಂದ. "ಮದುಮಗಳ ಹಂಗೆ" ಎಂದು ಅವಳು ಹೋದಳು. ಅದರಿಂದ ಏನು ತಿಳಿಯಿತು? ಏನೂ ತಿಳಿಯಲಿಲ್ಲ. ನೀರಿನ ಗೆರೆ ಎಲ್ಲಿದೆ ಎಂದು ಬಾಯಿ ಬಿಟ್ಟು ಕೇಳಿದರೆ, ನಿನಗೇ ಕಾಣುವುದಿಲ್ಲವೇ ಎನ್ನುತ್ತಾರೆ. ಒಂದು ಮನಸ್ಸು ಈಗಲೇ ಹೋಗಿ ಕರೆತಾ ಎನ್ನುತ್ತಿತ್ತು. ಇನ್ನೊಂದು, ಮೂವತ್ತನಾಲ್ಕು ವರ್ಷ ಸೋರದ್ದು ಇವತ್ತು ಸೋರುತ್ತದೆಯೇ, ಸುಮ್ಮನಿರು ಮುದುಕ ಎನ್ನುತ್ತಿತ್ತು. ಎರಡನೆಯದು ಹೇಳುವುದನ್ನು ಕೇಳುವುದು ಸುಲಭ, ಮನುಷ್ಯ ಅದನ್ನೇ ಕೇಳುತ್ತಾನೆ.

ಕೂರಲಾರದೆ ಎದ್ದು ಹೋಗಿ ಚಿತ್ರಗಾರನ ಬೆನ್ನ ಹಿಂದೆ ನಿಂತ. ಚಿತ್ರವನ್ನು ಊರವರೆಲ್ಲ ಗೇಲಿ ಮಾಡಿದ್ದರು. ಮುಖವಿಲ್ಲ, ಮೂಗಿಲ್ಲ, ಬಣ್ಣ ಕಲಸಿ ಎಸೆದಂತಿದೆ ಎಂದಿದ್ದರು. ಒನೆಸಿಮ್ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದ. ನದಿ ಅಲ್ಲಿತ್ತು, ಬಿಳಿಯ ಚೂರು, ನೀಲಿಯ ಚೂರು, ಯಾವುದಕ್ಕೂ ಅಂಚಿಲ್ಲ. ಇದರಲ್ಲಿ ನಗುವಂಥದ್ದು ಏನಿದೆ ಎಂದು ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ನದಿ ಇರುವುದೇ ಹೀಗೆ. ದೋಣಿಯ ಕಿತ್ತಳೆ ಪಟ್ಟಿ ಮಾತ್ರ ಇಷ್ಟು ಹತ್ತಿರದಿಂದ ಚೆನ್ನಾಗಿ ಕಂಡಿತು, ಅವನ ಮೂರು ಬೆರಳಿನ ಅಗಲ. ಅಬ್ಬಾ, ದೋಣಿ ಎತ್ತರದಲ್ಲೇ ಇದೆ ಎಂದು ಸಮಾಧಾನವಾಯಿತು. ಹೋಗಿ ಪಕ್ಕದ ಹುಲ್ಲಿನ ಮೇಲೆ ಕೂತ.

ಗಂಟೆ ಹತ್ತು ಹೊಡೆಯಿತು. ನೀರು, ಸೇತುವೆ ಎಲ್ಲ ಮುಗಿಸಿ ಚಿತ್ರಗಾರ ಮತ್ತೆ ದೋಣಿಗೆ ಬಂದ. ತಟ್ಟನೆ ನಿಂತ.

"ಥೂ!" ಎಂದ. "ಎಂಥ ಪೆದ್ದ ನಾನು!"

ಚಾಕುವಿನಿಂದ ಕರ ಕರ ಕೆರೆಯುವ ಸದ್ದು ಬಂತು.

"ಏನಾಯ್ತು ಮೊಸ್ಯೂ?"

"ದೋಣೀನ ಎತ್ತರಕ್ಕೆ ಬರೆದುಬಿಟ್ಟಿದೀನಿ ಯಜಮಾನ್ರೇ. ನೋಡಿ, ಇಷ್ಟು ಕಿತ್ತಳೆ ಅಲ್ಲಿಲ್ಲವೇ ಇಲ್ಲ. ಅದರಲ್ಲಿ ಅರ್ಧ ಇದೆ ಅಷ್ಟೇ. ಬೆಳಗ್ಗೆ ನನ್ನ ಕಣ್ಣಿಗೆ ಏನಾಗಿತ್ತೋ."

ಒನೆಸಿಮ್ ಹುಲ್ಲಿನಿಂದ ಎದ್ದು ನಿಂತ. ಈ ಮನುಷ್ಯನ ಕಣ್ಣಿಗೆ ಏನೂ ಆಗಿರಲಿಲ್ಲ. ಬೆಳಗ್ಗೆಯೂ ಕಂಡದ್ದನ್ನೇ ಬರೆದಿದ್ದ, ಈಗಲೂ ಕಂಡದ್ದನ್ನೇ ಬರೆಯುತ್ತಿದ್ದ. ಕೆಳಗಿಳಿದದ್ದು ದೋಣಿ.

"ಲಿಯೊಂಟೀನ್!" ಎಂದು ಕೂಗಿದ. ಅಷ್ಟರಲ್ಲಿ ಕೆಳಗಿನ ತಿರುವಿನಿಂದ ಹಡಗು ಎಳೆಯುವ ಹಬೆ ಬೋಟಿನ ಸೀಟಿ ಕೇಳಿತು. ಅದು ಹಾದುಹೋದರೆ ಏಳುವ ಅಲೆಗೆ ಗಟ್ಟಿ ದೋಣಿಯೇ ಹೊಯ್ದಾಡುತ್ತದೆ. ಅರ್ಧ ತುಂಬಿದ ದೋಣಿಯ ಗತಿ? ಅವನ ಕಣ್ಣ ಮುಂದೆ ಅಣ್ಣ ಎಲೂವಾನ ಒದ್ದೆ ಕೂದಲು ಬಂತು. ನಲವತ್ತೆರಡು ವರ್ಷದ ಹಿಂದಿನದು, ಅದು ಮಾತ್ರ ಸ್ಪಷ್ಟವಾಗಿ ಕಂಡಿತು.

ತನ್ನ ಚಪ್ಪಟೆ ದೋಣಿಗೆ ಹಾರಿ, ಎರಡು ಹುಟ್ಟನ್ನೂ ಹಾಕಿ ಮೀಟಿದ. ಕುತ್ತಿಗೆ ತಿರುಗಿಸಿ ತಿರುಗಿಸಿ ಆ ಕಿತ್ತಳೆ ಕಲೆಯನ್ನೇ ಹುಡುಕಿದ. ಇತ್ತು. ಹಸಿರಾಗಿದ್ದರೆ ಅವನಿಗೆ ಎಂದೂ ಸಿಗುತ್ತಿರಲಿಲ್ಲ. ಕಲೆ ಬೆಳಗಿನದಕ್ಕಿಂತ ತೆಳ್ಳಗಾಗಿತ್ತು. ದಡದಿಂದ ವೋತ್ರೆಲ್, "ಅಯ್ಯೋ ಯಜಮಾನ್ರೇ, ಚಿತ್ರದೊಳಗೆ ಬರ್ತಾ ಇದೀರಿ, ಆಚೆ ಹೋಗಿ!" ಎಂದು ಬೊಬ್ಬೆ ಹಾಕುತ್ತಿದ್ದ.

ಒನೆಸಿಮನ ದೋಣಿ ಕಿತ್ತಳೆ ದೋಣಿಗೆ ಧಡ್ಡೆಂದು ಗುದ್ದಿತು. ಅವನು ಕೈ ಚಾಚಿ ತಡವಿ ಮಗಳ ತೋಳು ಹಿಡಿದು ಎಳೆದುಕೊಂಡ. ಅವಳ ಲಂಗ ಮೊಣಕಾಲಿನವರೆಗೆ ನೆನೆದು ಭಾರವಾಗಿತ್ತು. ಟೋಪಿಗೋಸ್ಕರ ಬಗ್ಗಿದ್ದ ಗುಮಾಸ್ತನನ್ನು ಕೊರಳಪಟ್ಟಿ ಹಿಡಿದು ಎತ್ತಿ ಹಾಕಿಕೊಂಡ. ಹಬೆ ಬೋಟು ಹಾದುಹೋಯಿತು. ಮೊದಲ ಅಲೆ ಇವರನ್ನು ಎತ್ತಿ ಇಳಿಸಿತು. ಎರಡನೆಯದು ಕಿತ್ತಳೆ ದೋಣಿಯ ಅಂಚು ಹತ್ತಿ ಒಳಗಿಳಿಯಿತು. ದೋಣಿ ಸದ್ದಿಲ್ಲದೆ ಅಂಚಿನವರೆಗೂ ಮುಳುಗಿತು.

ಒನೆಸಿಮ್ ಮಗಳ ಭುಜ ಹಿಡಿದು ಅಲುಗಿಸಿದ. "ಕಾಲಿಗೆ ನೀರು ಬಂದಿದ್ದು ಗೊತ್ತಾಗ್ಲಿಲ್ವೇನೇ? ಕೂಗೋಕೆ ಏನಾಗಿತ್ತು ನಿನಗೆ!"

"ಗೊತ್ತಾಯ್ತಪ್ಪಾ" ಎಂದಳು ಲಿಯೊಂಟೀನ್. ಹಲ್ಲು ಕಟಕಟ ಎನ್ನುತ್ತಿತ್ತು. "ಮೊಸ್ಯೂ ಅಲ್ಲಾಡಬೇಡ ಅಂದಿದ್ರು. ಆಮೇಲೆ, ನಿನ್ನ ದೋಣಿ ಅಲ್ವಾ? ನಿನ್ನ ದೋಣಿ ಸೋರುತ್ತಾ? ಮೊದಲು ಇವರು ಆಡಿಸಿದ ಹುಟ್ಟಿನಿಂದ ಬಿದ್ದ ನೀರು ಅಂದ್ಕೊಂಡೆ. ನೀನು ಬೇರೆ ದಡದಲ್ಲಿ ಕೂತು ನಮ್ಮನ್ನೇ ನೋಡ್ತಾ ಇದ್ದೆಯಲ್ಲಾ."

ಅವನು ದಡದ ಕಡೆ ಮೀಟಬೇಕೆಂದು ಹುಟ್ಟು ಹಾಕಿದ. ಸುತ್ತಲೂ ಬಿಳಿಯ ಹೊಳಪೊಂದೇ. ಇನ್ನು ಗುರಿಯಿಡಲು ಕಿತ್ತಳೆಯೂ ಇರಲಿಲ್ಲ. ನಾಲ್ಕು ಸಲ ಮೀಟಿ ನಿಲ್ಲಿಸಿದ.

"ಅಪ್ಪಾ, ಎಲ್ಲಿಗೆ ಹೋಗ್ತಿದೀಯ? ದಡ ಈ ಕಡೆ ಇದೆ." ಮಗಳು ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ಕೈಯಿಂದ ಹುಟ್ಟು ತೆಗೆದುಕೊಂಡು ತಾನೇ ಮೀಟಿದಳು.

ಸಂಜೆಯ ಹೊತ್ತಿಗೆ ಹಗ್ಗ ಹಾಕಿ ದೋಣಿಯನ್ನು ದಡಕ್ಕೆಳೆದು ಮಗುಚಿ ಹಾಕಿದ್ದರು. ವೋತ್ರೆಲ್ ಬಂದು ಗಡ್ಡ ಕೆರೆದುಕೊಳ್ಳುತ್ತಾ ಕ್ಷಮೆ ಕೇಳಿ ಹೋಗಿದ್ದ. ಅರ್ಧಕ್ಕೆ ಇಳಿದ ಕಿತ್ತಳೆ ಪಟ್ಟಿ ಅವನ ಚಿತ್ರದಲ್ಲಿ ಹಾಗೆಯೇ ಉಳಿಯಿತು. ಅದನ್ನು ನೋಡಿದ ನಮ್ಮ ದಡದವರು ಇವತ್ತಿಗೂ, ಇದು ಇನ್ನೇನು ಮುಳುಗುವ ದೋಣಿ ಎಂದು ಹೇಳಬಲ್ಲರು. ಪ್ಯಾರಿಸ್ಸಿನವರು ಅದರ ಮುಂದೆ ನಿಂತು ಎಂಥ ಆರಾಮ, ಎಂಥ ಬೆಳಕು ಎನ್ನುತ್ತಾರಂತೆ.

ಫಿಲೊಮೆನ್ ನಾಂತೆರ್‌ನಿಂದ ಬಂದಳು. ದಾರಿಯಲ್ಲೇ ಸುದ್ದಿ ಸಿಕ್ಕಿತ್ತು. ಒಲೆಯ ಪಕ್ಕ ಕಂಬಳಿ ಹೊದ್ದು ಕೂತಿದ್ದ ಮಗಳ ತಲೆ ಸವರಿದಳು. ಆಮೇಲೆ ಗೂಟದಲ್ಲಿದ್ದ ಏಪ್ರನ್ ಕಟ್ಟಿಕೊಂಡು ನೇರ ದೋಣಿಯ ಬಳಿ ಹೋದಳು. ಒನೆಸಿಮ್ ಅದಕ್ಕೆ ಒರಗಿ ನೆಲದ ಮೇಲೆ ಕೂತಿದ್ದ. ಬೈಗುಳಕ್ಕೆ ತಲೆ ಕೊಟ್ಟು ಕಾದ. ಅವಳು ತಳದ ಉದ್ದಕ್ಕೂ ಬೆರಳಾಡಿಸುತ್ತಾ ನಡೆದು, ಕೆಳಗಿನಿಂದ ಮೂರನೇ ಹಲಗೆಯ ಹತ್ತಿರ ನಿಂತಳು.

"ಇಲ್ಲಿ" ಎಂದಳು. "ಒಂದು ಗೇಣು. ನಾರೇ ಹಾಕಿಲ್ಲ. ಬರೀ ಬಣ್ಣ."

"ಫಿಲೊಮೆನ್" ಎಂದ ಅವನು. "ನನಗೆ... ನನಗೆ ಕಣ್ಣು ಕಾಣಿಸಲ್ಲ."

"ಗೊತ್ತು."

"ಎರಡು ವರ್ಷದಿಂದ."

"ಗೊತ್ತು ಮುದುಕ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ಅವಳು ಪಕ್ಕದಲ್ಲಿ ಕೂತು ಏಪ್ರನ್ನಿನ ಜೇಬಿಗೆ ಕೈ ಹಾಕಿ, ತೆಗೆದದ್ದನ್ನು ಅವನ ಅಂಗೈ ಮೇಲಿಟ್ಟಳು. ಒನೆಸಿಮ್ ಮುಟ್ಟಿ ನೋಡಿದ. ಒಂದು ಉಂಡೆ ಸೆಣಬಿನ ನಾರು. ಬೆರಳುದ್ದದ ಒಂದು ಚಿಕ್ಕ ಉಳಿ, ಹಿಡಿ ಸವೆದು ನುಣುಪಾಗಿತ್ತು.

"ನೀನು ಬೆಳಗ್ಗೆ ಕಾಫಿ ಕುಡಿಯೋಕೆ ಕೂತಾಗ ನಾನು ಕೋಳಿಗೆ ಕಾಳು ಹಾಕೋಕೆ ಹೋಗ್ತೀನಿ ಅಂತಿದ್ನಲ್ಲ" ಎಂದಳು. "ನಮ್ಮಲ್ಲಿರೋ ಆರು ಕೋಳಿಗೆ ಎಷ್ಟು ಹೊತ್ತು ಬೇಕು ಹೇಳು. ಒಂದೊಂದು ದೋಣಿಗೆ ಎರಡು ಗೇಣು, ಮೂರು ಗೇಣು ನೀನು ಬಿಟ್ಟಿರ್ತಿದ್ದೆ. ಈ ಸಲ ನಾನು ಇರಲಿಲ್ಲ, ಅಷ್ಟೇ."

"ಯಾಕೆ ಹೇಳಲಿಲ್ಲ?"

"ನೀನು ಯಾಕೆ ಹೇಳಲಿಲ್ಲ?"

ನದಿಯ ಮೇಲೆ ಬಿಸಿಲು ಇಳಿದು ಕೆಂಪಾಗುತ್ತಿತ್ತು, ಅಷ್ಟು ಅವನಿಗೂ ಗೊತ್ತಾಯಿತು. ಅವನು ಅವಳ ಕೈಯನ್ನು ಹುಡುಕಿ ಹಿಡಿದು, ಏನು ಮಾಡಬೇಕೆಂದು ತಿಳಿಯದೆ ಮುಖಕ್ಕೆ ಒತ್ತಿಕೊಂಡ. ಡಾಂಬರಿನ ವಾಸನೆ ಬಂತು. ಎರಡು ವರ್ಷದಿಂದ ರಾತ್ರಿ ಹಾಸಿಗೆಯಲ್ಲಿ ಬರುತ್ತಿದ್ದ ಆ ವಾಸನೆ ತನ್ನದೇ ಎಂದು ಅವನು ಅಂದುಕೊಂಡಿದ್ದ.